ನನ್ನ ಮಗಳ ಅಂಗೈ ಮೇಲೆ ಯಾರದೋ ಕಾಲು

ಸಾವಿನ ಬಾಗಿಲು ತಟ್ಟಿ ಮರಳಿದವರು ಬರೆಯಲು ಕೂತರೆ ದೇವರನ್ನೋ ಡಾಕ್ಟರರನ್ನೋ ನೆನೆದು ಶುರುಮಾಡುತ್ತಾರೆ. ನಾನೂ ಇಬ್ಬರನ್ನೂ ದಿನಾ ನೆನೆಯುತ್ತೇನೆ. ಆದರೆ ನನ್ನ ಕೋವಿಡ್ ಕಥೆ ಜ್ವರದಿಂದ ಶುರುವಾಗುವುದಿಲ್ಲ, ಹೊಟ್ಟೆಕಿಚ್ಚಿನಿಂದ ಶುರುವಾಗುತ್ತದೆ. ಜ್ವರ ಬಂತು, ಹೋಯಿತು. ಹೊಟ್ಟೆಕಿಚ್ಚು ಅದಕ್ಕಿಂತ ಮೊದಲೇ ಇತ್ತು, ಈಗಲೂ ಇದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಡುಪಿಯ ಪಕ್ಕದ ಊರಿನಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದೆ, ದೋಸೆಕಲ್ಲಿನ ಮುಂದೆ ಬೆವರಿದೆ, ಯಾರ ಶಿಫಾರಸೂ ಇಲ್ಲದೆ ಕೈರುಚಿಯೊಂದನ್ನೇ ನಂಬಿ ಹಾಲೆಂಡಿಗೆ ಬಂದೆ. ಕಾಪೆಲ್ಲೆ ಎಂಬ ಊರಿನಲ್ಲಿ ಆಫೀಸು ಕಟ್ಟಡಗಳೇ ತುಂಬಿದ ಕಡೆ ಒಂದು ಕ್ಯಾಂಟೀನಿನ ಅಡುಗೆಮನೆ ನನ್ನದು. ಮಾಲೀಕ ಬೇರೆ, ಸೌಟು ನನ್ನದು. ಊಟಕ್ಕೆ ಬರುವ ಕನ್ನಡದವರು, ತಮಿಳರು, ಡಚ್ಚರು ಎಲ್ಲರಿಗೂ ನಾನು ಸದಾಶಿವಣ್ಣ. ಸಾಂಬಾರಿನ ದೊಡ್ಡ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಲು ನಾನು ಯಾರನ್ನೂ ಕರೆದವನಲ್ಲ. ಅದೊಂದು ಜಂಬ ನನಗಿತ್ತು.

ಊಟಕ್ಕೆ ಬರುವವರಲ್ಲಿ ಶ್ರೀನಿಧಿ ಎಂಬವರು ಮೈಸೂರಿನವರು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ದಿನವೂ ತಟ್ಟೆ ಹಿಡಿದು ಬಂದು, "ಏನ್ ಸಾರು ಸದಾಶಿವಣ್ಣ ಇವತ್ತು! ನಮ್ಮನೇಲಿ ಈ ಥರ ಆಗೋದೇ ಇಲ್ಲ ಕಣ್ರೀ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಅವರ ಮಗಳು ಅದಿತಿ, ನನ್ನ ಮಗಳು ಪ್ರತೀಕ್ಷಾ, ಇಬ್ಬರೂ ಒಂದೇ ಹೈಸ್ಕೂಲು, ಒಂದೇ ತರಗತಿ. ಇಬ್ಬರೂ ಶಾಲೆಯ ಚಿಯರ್‌ಲೀಡಿಂಗ್ ತಂಡದಲ್ಲಿದ್ದರು.

ಚಿಯರ್‌ಲೀಡಿಂಗ್ ಅಂದರೆ ಕ್ರಿಕೆಟ್ ಮ್ಯಾಚಿನಲ್ಲಿ ಬೌಂಡರಿ ಗೆರೆಯ ಬಳಿ ಕುಣಿಯುವುದು ಎಂದೇ ನಾನು ತಿಳಿದಿದ್ದೆ. ಹಾಗಲ್ಲ, ಇದು ಕಸರತ್ತು. ಮೂವರು ನಾಲ್ವರು ಸೇರಿ ಒಬ್ಬಳನ್ನು ಎತ್ತಿ ಅಂಗೈ ಮೇಲೆ ನಿಲ್ಲಿಸಬೇಕು, ಗಾಳಿಗೆ ಎಸೆದು ಹಿಡಿಯಬೇಕು. ಪ್ರತೀಕ್ಷಾ ಅದಕ್ಕೋಸ್ಕರ ಶಾಲೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದಳು. ಕ್ಯಾಂಟೀನಿನಿಂದ ನಾನು ತಂದಿಟ್ಟ ಅಕ್ಕಿಮೂಟೆಯನ್ನು ಮನೆಯೊಳಗೆ ಎದೆಮಟ್ಟಕ್ಕೆ ಎತ್ತಿ ಇಳಿಸುತ್ತಿದ್ದಳು. "ಮಗು ನನ್ನ ಹಾಗೆ ಗಟ್ಟಿ" ಎಂದು ನಾನು ಬೀಗುತ್ತಿದ್ದೆ. ಯಾತಕ್ಕೆ ಎತ್ತುತ್ತಾಳೆ ಎಂದು ಕೇಳಿರಲಿಲ್ಲ.

ಕೋವಿಡ್‌ಗೆ ಮುಂಚಿನ ಆ ಚಳಿಗಾಲ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಪ್ರದರ್ಶನ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿ ವನಿತಾಳ ಜೊತೆ ಮುಂದಿನ ಬೆಂಚಿನಲ್ಲಿ ಕೂತೆ. ಸಂಗೀತ ಶುರುವಾಯಿತು. "ಫೈವ್, ಸಿಕ್ಸ್, ಸೆವೆನ್, ಎಯ್ಟ್" ಎಂದು ಮಕ್ಕಳು ಕೂಗಿದರು. ನೋಡುತ್ತಿದ್ದಂತೆ ಅದಿತಿ ಮೇಲೆ ಹೋದಳು. ಶೂ ಹಾಕಿದ ಅವಳ ಕಾಲು ನನ್ನ ಮಗಳ ಅಂಗೈ ಮೇಲೆ. ಜನರೆಲ್ಲ ತಲೆ ಎತ್ತಿ ಚಪ್ಪಾಳೆ ತಟ್ಟಿದರು. ಪಕ್ಕದ ಬೆಂಚಿನಿಂದ ಶ್ರೀನಿಧಿ ಎದ್ದು ನಿಂತು ಫೋಟೋ ತೆಗೆದರು. ನನ್ನ ಮಗಳ ಮುಖ ಆ ಹುಡುಗಿಯ ಮೊಣಕಾಲಿನ ಹಿಂದೆ ಮರೆಯಾಗಿತ್ತು.

ನಮ್ಮಲ್ಲಿ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಇಲ್ಲಿ ನೋಡಿದರೆ ಬೇಕಂತಲೇ ಹತ್ತಿ ನಿಂತಿದ್ದಾಳೆ, ಅದೂ ತಟ್ಟೆ ಹಿಡಿದು ನನ್ನ ಮುಂದೆ ನಿಲ್ಲುವವರ ಮಗಳು! ಬಸ್ಸಿನಲ್ಲಿ ಮನೆಗೆ ಬರುವಾಗ ತಡೆಯಲಾಗಲಿಲ್ಲ. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಆ ಹುಡುಗಿಗೆ ನೀನೆಂತ ಕಾಲುಮಣೆಯಾ?"

"ಪಪ್ಪ, ನಾನು ಬೇಸ್. ಅವಳು ಫ್ಲೈಯರ್. ಬೇಸ್ ಇಲ್ಲದಿದ್ರೆ ಫ್ಲೈಯರ್ ಎಲ್ಲಿಂದ ಬರ್ತಾಳೆ?"

"ಚಪ್ಪಾಳೆ ಯಾರಿಗೆ ಬಿತ್ತು?"

"ಎಲ್ರಿಗೂ."

"ನಾನು ಅಲ್ಲೇ ಇದ್ದೆ ಮಗಾ. ಎಲ್ರೂ ಮೇಲೆ ನೋಡ್ತಿದ್ರು."

"ನನಗೆ ಕೆಳಗೇ ಇಷ್ಟ" ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಸುಮ್ನಿರಿ ಮಾರ್ರೆ, ಬಸ್ಸಿನಲ್ಲಿ ಎಂತ ಪಂಚಾತಿಗೆ" ಎಂದಳು ವನಿತಾ.

ನಾನು ಬಿಡುವ ಆಸಾಮಿಯಲ್ಲ. ತಂಡದ ತರಬೇತುಗಾರ್ತಿ ಇಲ್ಸೆ ಎಂಬ ಹುಡುಗಿಯ ಬಳಿ ನನ್ನ ಮುರುಕು ಡಚ್ಚಿನಲ್ಲಿ ಹೋಗಿ, ನನ್ನ ಮಗಳನ್ನೂ ಮೇಲೆ ಕಳಿಸಿ ಎಂದೆ. ಆಕೆ ನಕ್ಕು, ಮೇಲಿನವಳು ಬರದಿದ್ದರೆ ಇನ್ನೊಬ್ಬಳನ್ನು ಹತ್ತಿಸಬಹುದು, ಪ್ರೀ ಬರದ ದಿನ ಆ ಗುಂಪಿನವರು ಯಾರನ್ನೂ ಎತ್ತುವುದೇ ಇಲ್ಲ ಎಂದಳು. ತಂಡದಲ್ಲಿ ನನ್ನ ಮಗಳ ಹೆಸರು ಪ್ರೀ. ಅಡುಗೆಯವನನ್ನು ಸಮಾಧಾನ ಮಾಡುವ ಮಾತು ಎಂದುಕೊಂಡೆ. ಮಾರ್ಚ್ ಬಂದಾಗ ಮಗಳಿಗೆ ಹೇಳಿಯೂ ಆಗಿತ್ತು: ಈ ಶಾಲೆ ವರ್ಷ ಮುಗಿಯುವುದರೊಳಗೆ ಒಂದೋ ಮೇಲೆ, ಇಲ್ಲವೋ ಹೊರಗೆ.

ಅದೇ ಮಾರ್ಚಿನಲ್ಲಿ, ಎರಡು ಸಾವಿರದ ಇಪ್ಪತ್ತರಲ್ಲಿ, ಶಾಲೆ ಮುಚ್ಚಿತು, ಆಫೀಸುಗಳು ಮುಚ್ಚಿದವು, ಕ್ಯಾಂಟೀನು ಮುಚ್ಚಿತು. ವನಿತಾ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಕೆಲಸ ಮಾಡುವವಳು, ಅವಳಿಗೆ ರಜೆಯಿರಲಿಲ್ಲ. ಅಷ್ಟು ಜನರ ಎದುರು ದಿನವಿಡೀ ಕೂತವಳಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಕೂತ ನನಗೆ ಜ್ವರ ಬಂತು. ಬಡಾವಣೆಯ ಡಾಕ್ಟರು ಫೋನಿನಲ್ಲಿ ಪ್ಯಾರಾಸಿಟಮಾಲ್ ಹೇಳಿದರು. ಇಲ್ಲಿ ಬೆರಳು ಕೊಯ್ದರೂ ಮೊದಲು ಅದೇ. ಕೆಲವು ದಿನಗಳ ಮೇಲೆ ಸ್ನಾನದ ಮನೆಯಿಂದ ಹಾಸಿಗೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ಗೋಡೆ ಹಿಡಿದು ನಿಂತೆ. ಡಾಕ್ಟರೇ ಆಂಬುಲೆನ್ಸ್ ಕರೆದರು. ಹಳದಿ ಗಾಡಿ ಬಂತು. ಬಾಹ್ಯಾಕಾಶಕ್ಕೆ ಹೋಗುವವರ ಹಾಗೆ ಮುಚ್ಚಿಕೊಂಡ ಇಬ್ಬರು ಸ್ಟ್ರೆಚರ್ ತಂದರು. ನಾನು ಮಲಗಲಿಲ್ಲ, ನಡೆದೇ ಲಿಫ್ಟಿಗೆ ಹೋದೆ. ಅಕ್ಕಪಕ್ಕದವರು ನೋಡುತ್ತಿದ್ದಾರಲ್ಲ. ಹೆಂಡತಿ ಮಗಳು ಬಾಗಿಲಲ್ಲೇ ನಿಂತರು, ಅವರನ್ನು ಬಿಡುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಕುರ್ಚಿಗಳನ್ನು ದೂರ ದೂರ ಎಳೆದಿಟ್ಟಿದ್ದರು. ಎದುರಿಗೊಬ್ಬ ಡಚ್ ಅಜ್ಜ ಕೂತಿದ್ದ. ಅವನೂ ಕೆಮ್ಮುತ್ತಿದ್ದ, ನಾನೂ ಕೆಮ್ಮುತ್ತಿದ್ದೆ. ಒಬ್ಬರ ಕೆಮ್ಮು ನಿಂತರೆ ಇನ್ನೊಬ್ಬರು ತಲೆ ಎತ್ತಿ ನೋಡುತ್ತಿದ್ದೆವು. ನನ್ನನ್ನು ಒಳಗೆ ಕರೆದಾಗ ಅವನು ಹೆಬ್ಬೆರಳು ಎತ್ತಿ ತೋರಿಸಿದ. ಅಷ್ಟು ದಿನಗಳಲ್ಲಿ ನನಗೆ ಸಿಕ್ಕ ಮೊದಲ ಪ್ರೀತಿ ಅದೇ. ಅವನ ಹೆಸರು ಗೊತ್ತಿಲ್ಲ, ಅವನೇನಾದನೆಂದೂ ಗೊತ್ತಿಲ್ಲ.

ಆಮೇಲಿನದು ಚೂರು ಚೂರು. ಎಷ್ಟು ಆಮ್ಲಜನಕ ಕೊಟ್ಟರೂ ಸಾಲಲಿಲ್ಲವಂತೆ. ನಿದ್ದೆಯ ಔಷಧ ಕೊಟ್ಟು ಗಂಟಲಿಗೆ ಕೊಳವೆ ಹಾಕುತ್ತೇವೆ, ಅದಕ್ಕೆ ಮೊದಲು ಮನೆಯವರ ಜೊತೆ ಮಾತಾಡಿ ಎಂದು ನರ್ಸ್ ಒಬ್ಬಳು ಮುಖದ ಮುಂದೆ ಟ್ಯಾಬ್ಲೆಟ್ ಹಿಡಿದದ್ದು, ಅದರೊಳಗೆ ವನಿತಾಳ ಮೂಗು ದೊಡ್ಡದಾಗಿ ಕಂಡದ್ದು, ಇಷ್ಟೇ ನೆನಪು. ಏನು ಹೇಳಿದೆ ಎಂಬುದು ನೆನಪಿಲ್ಲ.

ಅದರಾಚೆ ನಾನು ಒಂದು ಇಡ್ಲಿ ಬೇಯಿಸುವ ಅಟ್ಟದೊಳಗಿದ್ದೆ. ಹಾಗೆಂದೇ ನನಗನ್ನಿಸಿತ್ತು. ಯಾರೋ ಮುಚ್ಚಳ ಹಾಕಿದ್ದಾರೆ, ಆವಿ ಏಳುತ್ತಿದೆ, ಬೆಂದಿದ್ದೇನೆ ತೆಗೆಯಿರಿ ಎಂದು ಕೂಗಿದರೆ ಬಾಯಿಲ್ಲ.

ಎಚ್ಚರವಾಗುವ ಹೊತ್ತಿಗೆ ಹೊರಗೆ ಮರಗಳಲ್ಲಿ ಎಲೆ ಬಂದಿತ್ತು. ಆನೆಕೆ ಎಂಬ ನರ್ಸ್, ಐವತ್ತು ದಾಟಿದ ಹೆಂಗಸು, ನನಗೆ ಅರ್ಥವಾಗಲೆಂದು ನಿಧಾನ ಡಚ್ಚಿನಲ್ಲಿ, ಕೈಸನ್ನೆಯಲ್ಲಿ ಎಲ್ಲ ಹೇಳಿದಳು. ಶ್ವಾಸಕೋಶಕ್ಕೆ ಅನುಕೂಲವಾಗಲೆಂದು ನನ್ನನ್ನು ಹೊಟ್ಟೆಯ ಮೇಲೆ ಮಲಗಿಸುತ್ತಿದ್ದರಂತೆ, ಮತ್ತೆ ಬೆನ್ನ ಮೇಲೆ. ಹಾಗೆ ತಿರುಗಿಸಲೆಂದೇ ಒಂದು ತಂಡ. ಒಬ್ಬರು ತಲೆಯ ಬಳಿ ಕೊಳವೆ ಹಿಡಿದು ಎಣಿಸುವುದು, ಎರಡೂ ಕಡೆ ಉಳಿದವರು, ಮೂರು ಎನ್ನುವಾಗ ಎಲ್ಲ ಕೈಗಳೂ ಒಟ್ಟಿಗೆ. ಅವರಲ್ಲಿ ಕೆಲವರು ನರ್ಸುಗಳೂ ಅಲ್ಲವಂತೆ, ಬೇರೆ ವಿಭಾಗದ ಕೆಲಸ ನಿಂತುಹೋದ್ದರಿಂದ ಬಂದವರಂತೆ.

ನನಗೆ ನಾಚಿಕೆಯಾಯಿತು. ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ನನ್ನನ್ನು, ಯಾರನ್ನೂ ಕರೆಯದೆ ಕೊಪ್ಪರಿಗೆ ಇಳಿಸುತ್ತಿದ್ದ ನನ್ನನ್ನು, ಹೆಸರೂ ಗೊತ್ತಿಲ್ಲದವರು ದೋಸೆಯಂತೆ ಮಗುಚಿದ್ದಾರೆ. "ನಾನು ಭಾರ ಇದ್ದೆನೇ?" ಎಂದು ಕೇಳಿದೆ.

"ತುಂಬಾ" ಎಂದಳು ಆನೆಕೆ. "ಆದರೆ ಒಳ್ಳೆಯ ರೋಗಿ. ಸಹಾಯ ಮಾಡಲು ಬರಲಿಲ್ಲ."

ಅವಳ ತಮಾಷೆ ಅರ್ಥವಾಗಲು ನನಗೆ ಇನ್ನೂ ಬಹಳ ಸಮಯ ಬೇಕಿತ್ತು.

ಕೈಯಲ್ಲಿ ಚಮಚ ನಿಲ್ಲುತ್ತಿರಲಿಲ್ಲ. ಅಲ್ಲಿಂದ ಪುನರ್ವಸತಿ ಕೇಂದ್ರ. ಅಲ್ಲಿ ಹಾಸಿಗೆಯ ಅಂಚಿನಲ್ಲಿ ಕೂರುವುದನ್ನು ಕಲಿಸಿದರು, ಆಮೇಲೆ ನಿಲ್ಲುವುದನ್ನು. ನನಗಿಂತ ವಯಸ್ಸಾದ ಹೆಂಗಸೊಬ್ಬಳು ನನಗಿಂತ ಮೊದಲು, ಹಿಡಿದು ನಡೆಯುವ ಕಂಬಿ ಬಿಟ್ಟು ನಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಕೈಯಲ್ಲಿ ಶಕ್ತಿ ಇಲ್ಲ ಎಂದು ಹೇಳಿದೆ. ಶಕ್ತಿ ಇತ್ತು.

ಜೂನ್ ಹೊತ್ತಿಗೆ ಮನೆಗೆ ಬಂದೆ. ಚಕ್ರದ ವಾಕರ್ ಜೊತೆಗೆ. ನಮ್ಮದು ನಾಲ್ಕನೇ ಮಹಡಿಯ ಫ್ಲ್ಯಾಟು, ಎಲ್ಲ ಮನೆಗಳ ಮುಂದೆ ಹಾದುಹೋಗುವ ಉದ್ದನೆಯ ಮೊಗಸಾಲೆ, ಕೆಳಗೆ ಹುಲ್ಲಿನ ಬಯಲು. ಶಾಲೆಯ ಹಾಲ್ ಇನ್ನೂ ಮುಚ್ಚಿದ್ದರಿಂದ ಮಕ್ಕಳ ತಂಡ ಅದೇ ಹುಲ್ಲಿನ ಮೇಲೆ ಅಭ್ಯಾಸ ಮಾಡುತ್ತಿತ್ತು. ಹೈಸ್ಕೂಲು ಮಕ್ಕಳು ಒಬ್ಬರನ್ನೊಬ್ಬರು ಮುಟ್ಟುವಂತಿರಲಿಲ್ಲ. ಆದರೂ ಬಿಟ್ಟಿರಲಿಲ್ಲ. ಕೆಳಗೆ ನಿಲ್ಲುವವರು ದೂರ ದೂರ ನಿಂತು, ಎಣಿಸಿ, ಮೊಣಕಾಲು ಬಗ್ಗಿಸಿ, ಖಾಲಿ ಅಂಗೈಗಳನ್ನು ಒಟ್ಟಿಗೆ ಮೇಲೆತ್ತುತ್ತಿದ್ದರು, ಅಲ್ಲಿ ಯಾರೋ ನಿಂತಿದ್ದಾರೆ ಎನ್ನುವ ಹಾಗೆ. ಮೇಲೆ ಹೋಗುವವರು ಪಕ್ಕದಲ್ಲಿ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದರು. ಒಬ್ಬಳು ತಪ್ಪಿದರೆ ಯಾರದು ತಪ್ಪೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರೂ ಮೊದಲಿನಿಂದ. ನನ್ನ ಅಡುಗೆಮನೆಯಲ್ಲಿ ಸಾಸಿವೆ ಸೀದರೆ ಮೂವರು ನಾಲ್ಕನೆಯವನ ಹೆಸರು ಹೇಳುತ್ತಾರೆ. ಮೇಲಿನಿಂದ ನೋಡುತ್ತ ನನಗೆ ಆ ಮಕ್ಕಳ ಕಾಲುಗಳ ಮೇಲೆ, ಓಡುವ ಉಸಿರಿನ ಮೇಲೆ, ಅವರ ಒಗ್ಗಟ್ಟಿನ ಮೇಲೆ ಹೊಟ್ಟೆ ಉರಿಯುತ್ತಿತ್ತು.

ನನ್ನ ಮಗಳು ಅವರ ನಡುವೆ ಇರಲಿಲ್ಲ. ನನ್ನ ಹಿಂದೆ, ಮನೆಯೊಳಗೆ ಇದ್ದಳು.

ನನ್ನ ಆರೈಕೆಗೆಂದು ಬಿಟ್ಟಿದ್ದಾಳೆ ಎಂದುಕೊಂಡೆ. ವನಿತಾ ಕೆಲಸಕ್ಕೆ ಹೋದರೆ ನನ್ನನ್ನು ಎಬ್ಬಿಸಿ ಕೂರಿಸಬೇಕಾದವಳು ಇವಳೇ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿತವಾಗಿತ್ತು. ಕೊನೆಗೂ ಅವಳ ಕೈ ಆ ಹುಡುಗಿಯ ಕಾಲಿನಡಿ ಇಲ್ಲ.

ಆ ಹಿತಕ್ಕೆ ಒಂದು ದಿನ ಪೆಟ್ಟು ಬಿತ್ತು. ಅಡುಗೆಮನೆಯಲ್ಲಿ ವಾಕರ್ ಬಿಟ್ಟು ಎರಡು ಹೆಜ್ಜೆ ನಡೆಯುವ ಅಭ್ಯಾಸ. ಪ್ರತೀಕ್ಷಾ ಹಿಂದೆ ನಿಂತಿದ್ದಳು. ಮೊಣಕಾಲು ನಡುಗಿತು. ನಾನು ಗಾಬರಿಯಾಗಿ ತಿರುಗಿ ಅವಳ ಕುತ್ತಿಗೆಯನ್ನೇ ಹಿಡಿದುಕೊಂಡೆ. ಇಬ್ಬರೂ ಸೇರಿ ಅಕ್ಕಿಮೂಟೆಯ ಮೇಲೆ ಬಿದ್ದೆವು. ವನಿತಾ ಓಡಿ ಬಂದು, ಯಾರಿಗೂ ಏನೂ ಆಗಿಲ್ಲವೆಂದು ನೋಡಿದ ಮೇಲೆ, "ಅಪ್ಪ ಮಗಳು ಒಳ್ಳೆ ಜಾಗ ಹುಡುಕಿದ್ರಿ, ಅನ್ನ ಬೆಂದ ಮೇಲೆ ಎಬ್ಬಿಸ್ತೇನೆ" ಎಂದಳು. ಮಗಳು ಮಾತ್ರ ನಗಲಿಲ್ಲ.

"ಪಪ್ಪ, ನೀವು ನನ್ನನ್ನು ಹಿಡ್ಕೊಂಡ್ರೆ ನನಗೆ ನಿಮ್ಮನ್ನು ಹಿಡೀಲಿಕ್ಕೆ ಆಗುದಿಲ್ಲ."

"ಬೀಳುವವ ಎಂತ ಮಾಡ್ಬೇಕು ಮತ್ತೆ?"

"ಎಂತ ಮಾಡುದೂ ಬೇಡ. ಗಟ್ಟಿ ನಿಲ್ಲಿ. ಹಿಡಿಯುದು ನನ್ನ ಕೆಲಸ."

ಸಹಾಯ ಮಾಡಲು ಬರಲಿಲ್ಲ ಎಂದು ಆನೆಕೆ ಹೊಗಳಿದ್ದು ಯಾಕೆಂದು ಆಗ ಹೊಳೆಯಿತು. ನಿದ್ದೆಯಲ್ಲಿ ನಾನು ಒಳ್ಳೆಯ ರೋಗಿ. ಎಚ್ಚರವಿದ್ದರೆ ಎಳೆದು ಬೀಳಿಸುವವನು.

ಮರುದಿನ ಅದಿತಿ ಬಂದಳು. ಅವಳಮ್ಮ ಆಗಾಗ ಸ್ಟೀಲಿನ ಡಬ್ಬಿಯಲ್ಲಿ ಸಾರು ಕಳಿಸುತ್ತಿದ್ದರು. ಹಿಂದಿನ ಸಲ ನಾನು ಒಂದು ಚಮಚ ಬಾಯಿಗಿಟ್ಟು "ಹುಳಿ ಜಾಸ್ತಿ" ಅಂದಿದ್ದೆ. "ಆಸ್ಪತ್ರೆಯಿಂದ ಬಂದ ಮೇಲೆ ನಿಮಗೆ ರುಚಿಯೇ ಗೊತ್ತಾಗುದಿಲ್ಲ ಅಂತೀರಿ. ಹುಳಿ ಒಂದು ಹೇಗೆ ಗೊತ್ತಾಯ್ತು?" ಎಂದು ವನಿತಾ ಕೇಳಿದ್ದಳು.

ಅದಿತಿ ಡಬ್ಬಿ ಬಾಗಿಲಲ್ಲಿಟ್ಟು ನಿಯಮದ ಪ್ರಕಾರ ದೂರ ಸರಿದು ನಿಂತಳು. ನಾನು ಮೊಗಸಾಲೆಯಲ್ಲಿ ವಾಕರ್ ತಳ್ಳುತ್ತಿದ್ದೆ.

"ಅಂಕಲ್, ನೆಲ ನೋಡ್ಬೇಡಿ."

"ನೆಲ ನೋಡದೆ ನಡೆಯೋದು ಹೇಗಮ್ಮಾ?"

"ಕೆಳಗೆ ನೋಡಿದ್ರೆ ಕೆಳಗೇ ಹೋಗ್ತೀವಿ. ಇಲ್ಸೆ ದಿನಾ ಬೈತಾರೆ ನಂಗೆ. ದೂರದಲ್ಲಿ ಏನಾದ್ರೂ ಒಂದು ನೋಡಿ. ಆ ನೀಲಿ ಸೈಕಲ್ ನೋಡಿ. ಆಮೇಲೆ ಹಿಂಭಾಗ ಬಿಗಿ ಹಿಡೀಬೇಕು ಅಂಕಲ್."

"ಯಾವ ಹಿಂಭಾಗ?"

"ಕೂತ್ಕೊಳ್ಳೋ ಭಾಗ ಅಂಕಲ್."

ಒಳಗಿನಿಂದ ವನಿತಾಳ ಕೆಮ್ಮು ಕೇಳಿಸಿತು. ಕೆಮ್ಮಲ್ಲ, ನಗು. ಯಾರ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚೋ ಅದೇ ಹುಡುಗಿ ನನಗೆ ನಿಲ್ಲುವುದನ್ನು ಕಲಿಸುತ್ತಿದ್ದಾಳೆ. ಆದರೂ ನೀಲಿ ಸೈಕಲ್ ನೋಡಿದೆ, ಬಿಗಿ ಹಿಡಿದೆ, ವಾಕರಿನಿಂದ ಕೈ ತೆಗೆದೆ. ನಿಂತೆ. ಸ್ವಲ್ಪ ಹೊತ್ತು ನಿಜಕ್ಕೂ ನಿಂತೆ. ಮೈಯೆಲ್ಲ ಬೆವರು. ಮೇಲೆ ನಿಲ್ಲುವುದು ಸುಮ್ಮನೆ ಹತ್ತಿ ನಿಲ್ಲುವುದಲ್ಲ, ಹೆದರಿಕೆಯಾದಾಗಲೂ ಕೈ ಚಾಚದೆ ಇರುವುದು ಎಂದು ನನಗೆ ತಿಳಿದದ್ದು ಹಾಗೆ.

"ಸೂಪರ್ ಅಂಕಲ್! ಇನ್ನು ಪ್ರೀ ವಾಪಸ್ ಬರಬಹುದಲ್ವಾ?"

"ನಾನು ಓಡಾಡಿದರೆ ಬರ್ತಾಳೆ."

ಅವಳ ಮುಖ ಸಣ್ಣದಾಯಿತು. "ಇಲ್ಲ ಅಂಕಲ್, ಬರೋದೇ ಇಲ್ಲ ಅಂದ್ಲು. ಆಸ್ಪತ್ರೇಲಿ ನಿಮ್ಮನ್ನ ಮಲಗಿಸೋಕೆ ಮುಂಚೆ ನೀವೇ ಹೇಳಿದ್ರಂತಲ್ಲ."

ಅವಳು ಹೋದ ಮೇಲೆ ವನಿತಾಳನ್ನು ಕೇಳಿದೆ. ಅವಳು ಸಾರು ಬಿಸಿಗಿಡುತ್ತ ನನ್ನ ಕಡೆ ನೋಡದೆ ಹೇಳಿದಳು.

"ನಿಮಗೆ ನೆನಪಿಲ್ಲವಾ? ಆ ದಿನ ವಿಡಿಯೋದಲ್ಲಿ ನನಗೆ ಹೇಳಿದ್ದು ಕ್ಯಾಂಟೀನಿನ ಫ್ರೀಜರ್ ಬೀಗದ ಕೈ ಎಲ್ಲುಂಟು ಅಂತ. ಅವಳಿಗೆ ಹೇಳಿದ್ದು, ಇನ್ನು ಆ ಹುಡುಗಿಯನ್ನು ಎತ್ತಬೇಡ, ತಂಡ ಬಿಡು ಅಂತ. ಅಷ್ಟೇ. ಮತ್ತೆ ನರ್ಸ್ ಬಂದು ನಿಲ್ಲಿಸಿದ್ಳು."

"ಅದನ್ನು ಅವಳು ಹಿಡ್ಕೊಂಡು ಕೂತಿದ್ದಾಳಾ?"

"ಅಪ್ಪನ ಕೊನೆಯ ಮಾತು ಅಂತ ತಿಳ್ಕೊಂಡಿದ್ಲು. ನೀವು ಬದುಕಿದ್ರಿ. ಈಗ ಮಾತು ಮುರಿದ್ರೆ ಮತ್ತೆ ಎಂತಾದ್ರೂ ಆಗ್ತದೆ ಅಂತ ಹೆದರಿಕೆ. ಹುಲ್ಲಿನ ಮೇಲೆ ಅವರು ಎಣಿಸುವಾಗ ಇವಳು ಸ್ನಾನದ ಮನೆಯಲ್ಲಿ ನಳ್ಳಿ ನೀರು ಬಿಟ್ಟು ಕೂತ್ಕೊಳ್ತಾಳೆ, ಕೇಳಬಾರದು ಅಂತ."

ಉಸಿರು ಹೋಗುವ ಹೊತ್ತಿನಲ್ಲಿ ದೇವರ ಹೆಸರಿಲ್ಲ, ಹೆಂಡತಿಗೊಂದು ಪ್ರೀತಿಯ ಮಾತಿಲ್ಲ. ಫ್ರೀಜರಿನ ಬೀಗದ ಕೈ, ಇನ್ನೊಬ್ಬರ ಮಗಳ ಕಾಲು. ಇಷ್ಟೇ ನನ್ನೊಳಗೆ ಇದ್ದದ್ದು. ನಾನು ಹೋಗಿ ಮೊಗಸಾಲೆಯಲ್ಲಿ ಕೂತೆ. ಕೆಳಗೆ ಅಭ್ಯಾಸ ಶುರುವಾಗಿತ್ತು. ಆವತ್ತು ಒಂದು ವಿಚಿತ್ರ ಕಂಡೆ. ಖಾಲಿ ಕೈಗಳು ಇಳಿದ ಮೇಲೆ, ಫೆನ್ನಾ ಎಂಬ ಚಿನ್ನದ ಕೂದಲಿನ ಡಚ್ ಹುಡುಗಿ ಬಗ್ಗಿ ತನ್ನ ಮುಂದಿನ ಗಾಳಿಯನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಪಕ್ಕದವಳೂ ಹಾಗೇ ಮಾಡಿದಳು. ಮೇಲೆ ಹೋಗುವವರೆಲ್ಲರೂ.

ಪ್ರತೀಕ್ಷಾಳನ್ನು ಕೂಗಿದೆ. "ಅದೆಂತ ಮಗಾ?"

ಅವಳು ಹಿಂಜರಿಯುತ್ತ ಬಂದು ಕೆಳಗೆ ನೋಡಿದಳು. "ಅದಾ? ಅದಿತಿ ಯಾವಾಗಲೂ ಮಾಡ್ತಾಳೆ. ಕಾಲು ತಾಗ್ತದಲ್ಲ, ಇಳಿದ ಕೂಡಲೇ ನಮ್ಮ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಾಳೆ. ಉಳಿದವರು ಅದು ಸ್ಟೆಪ್ ಅಂತ ತಿಳ್ಕೊಂಡು ಕಲಿತ್ರು. ನಾವು ಹೇಳುವಷ್ಟರಲ್ಲಿ ಇಲ್ಸೆ ಡ್ಯಾನ್ಸಿಗೇ ಸೇರಿಸಿದ್ರು."

"ಚಳಿಗಾಲದ ಪ್ರದರ್ಶನದಲ್ಲೂ ಮಾಡಿದ್ಲಾ?"

"ಮಾಡಿದ್ಲು. ನೀವು ಅವಳು ಮೇಲಿರುವಾಗ ಮಾತ್ರ ನೋಡಿದ್ದು."

ಕೋಪಕ್ಕೆ ನನ್ನ ಬಳಿ ಇದ್ದದ್ದು ಒಂದೇ ಕಾರಣ, ಅದನ್ನೂ ಆ ಹುಡುಗಿ ಕಿತ್ತುಕೊಂಡಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ.

"ನೋಡು," ಎಂದೆ, "ಕೊನೆಯ ಮಾತು ಅಂತ ಆಗ್ಬೇಕಾದ್ರೆ ಮನುಷ್ಯ ಸಾಯಬೇಕು. ನಾನು ಸತ್ತಿಲ್ಲ. ಹಾಗಾಗಿ ಅದು ಲೆಕ್ಕಕ್ಕಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ಈಗಿನ ಮಾತು ಎಂತ?"

"ಕೆಳಗೆ ಹೋಗು."

"ಕೆಳಗೆ ಅಂದ್ರೆ ಹುಲ್ಲಿಗಾ, ಬೇಸಿಗಾ?"

"ಎರಡಕ್ಕೂ. ಆದ್ರೆ ಬೆಳಿಗ್ಗೆ ನನ್ನ ಮೆಟ್ಟಿಲಿನ ಅಭ್ಯಾಸ ಮುಗಿಸಿಯೇ ಹೋಗುದು. ಮೊದಲು ನಾನು, ಮತ್ತೆ ಆ ಹುಡುಗಿ."

ಅವಳು ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲಲ್ಲೇ ಇಳಿದಳು. ಅಷ್ಟೂ ಮಹಡಿ ಅವಳ ಶೂಗಳ ಸದ್ದು ಕೇಳಿದೆ. ಹುಲ್ಲಿನ ಮೇಲೆ ಅವಳು ಕಾಣಿಸಿಕೊಂಡಾಗ ಆ ಮಕ್ಕಳು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯ ಅಜ್ಜಿ ಬಾಗಿಲು ತೆರೆದರು. ಮುಟ್ಟುವಂತಿಲ್ಲ, ಅಪ್ಪುವಂತಿಲ್ಲ, ಸುಮ್ಮನೆ ಸುತ್ತ ನಿಂತು ಕುಣಿದರು. ನಾನು ಮನೆಗೆ ಬಂದ ದಿನ ನನ್ನನ್ನು ನೋಡಿ ಯಾರೂ ಹಾಗೆ ಕಿರುಚಿರಲಿಲ್ಲ.

ಜುಲೈಯಲ್ಲಿ ನಿಯಮ ಸಡಿಲವಾಯಿತು, ಮಕ್ಕಳು ಮತ್ತೆ ಒಬ್ಬರನ್ನೊಬ್ಬರು ಎತ್ತಬಹುದು. ಶಾಲೆ ಮುಗಿಸಿ ಹೋಗುವ ದೊಡ್ಡ ಮಕ್ಕಳಿಗೆ ಮೈದಾನದಲ್ಲೇ ಡಿಪ್ಲೊಮಾ ಕೊಡುವ ಸಮಾರಂಭ, ಅಲ್ಲಿ ತಂಡದ ಪ್ರದರ್ಶನ. ತಂಡದ ಮಕ್ಕಳ ಅಪ್ಪ ಅಮ್ಮಂದಿರಿಗೂ ದೂರ ದೂರ ಕುರ್ಚಿ ಹಾಕಿದ್ದರು. ನಾನು ವಾಕರ್ ಮನೆಯಲ್ಲೇ ಬಿಟ್ಟು ಹೋದೆ. ಗೇಟಿನಿಂದ ಮೈದಾನದವರೆಗೆ ಪ್ರತೀಕ್ಷಾ ನನ್ನ ಹಿಂದೆ ಬಂದಳು. ಮುಟ್ಟಲಿಲ್ಲ. ಎರಡು ಅಂಗೈ ತೆರೆದು ನನ್ನ ಸೊಂಟದ ಹತ್ತಿರ ಗಾಳಿಯಲ್ಲಿ ಹಿಡಿದಿದ್ದಳು. ನಾನು ದೂರದ ಧ್ವಜದ ಕಂಬ ನೋಡುತ್ತ ನಡೆದೆ.

ಅರ್ಧ ದಾರಿಯಲ್ಲಿ ತಂಡದವರು ಅವಳನ್ನು ಕರೆದರು. ಅವಳು ಸುತ್ತ ನೋಡಿದಳು. ವನಿತಾ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಹಿಂದಿನಿಂದ ಶ್ರೀನಿಧಿ ಬಂದರು.

"ನೀನು ಹೋಗಮ್ಮ, ನಾನಿದೀನಿ" ಎಂದು ಅವಳ ಜಾಗದಲ್ಲಿ ನಿಂತು, ಅವಳ ಹಾಗೇ ಕೈ ಅಗಲಿಸಿದರು. ಒಂದೂವರೆ ಮೀಟರು ಹಿಂದೆ. "ಎಲ್ಲಿ ಹಿಡೀಬೇಕು ಸದಾಶಿವಣ್ಣ?"

"ಹಿಡೀಬೇಡಿ. ಸುಮ್ನೆ ಹಿಂದೆ ಬನ್ನಿ."

"ರೂಲ್ಸ್ ಪ್ರಕಾರ ಬಿದ್ರೆ ಮಾತ್ರ ಹತ್ರ ಬರ್ತೀನಿ ಕಣ್ರೀ."

"ಅಷ್ಟರಲ್ಲಿ ನಾನು ನೆಲದಲ್ಲಿರ್ತೇನೆ."

ಇಬ್ಬರೂ ನಕ್ಕೆವು. ನಗುವಾಗಲೂ ನಾನು ಕಂಬದಿಂದ ಕಣ್ಣು ತೆಗೆಯಲಿಲ್ಲ. ಕುರ್ಚಿ ಮುಟ್ಟಿದೆ. ಹಿಂತಿರುಗಿ ನೋಡಿದರೆ ಅವರ ಕೈಗಳು ಇನ್ನೂ ತೆರೆದೇ ಇದ್ದವು. ಆ ಕೈಗಳಿಗೆ ನಾನು ಎಷ್ಟು ವರ್ಷ ಸಾರು ಬಡಿಸಿದ್ದೆನೋ.

ಸಂಗೀತ ಶುರುವಾಯಿತು. ಎಣಿಸಿದರು. ಅದಿತಿ ಮೇಲೆ ಹೋದಳು. ಮೈದಾನದಲ್ಲಿದ್ದವರೆಲ್ಲ ತಲೆ ಎತ್ತಿದರು, ಶ್ರೀನಿಧಿ ಫೋಟೋ ತೆಗೆದರು. ನಾನೊಬ್ಬ ಮೇಲೆ ನೋಡಲಿಲ್ಲ. ಅವಳ ಪಾದದಡಿಯ ಅಂಗೈಗಳನ್ನು ನೋಡಿದೆ. ಮಣಿಕಟ್ಟು ನಡುಗಿತು, ನಿಂತಿತು. ಪ್ರತೀಕ್ಷಾಳ ಕಣ್ಣು ಮೇಲಿನವಳಿಂದ ಒಂದಿಷ್ಟೂ ಕದಲಲಿಲ್ಲ. ಆ ಕಣ್ಣು ನನಗೆ ಗೊತ್ತು. ಆಮೇಲಿನ ದಿನಗಳಲ್ಲಿ ನಾನು ನೀಲಿ ಸೈಕಲ್ ನೋಡುತ್ತ ನಿಲ್ಲುವಾಗಲೆಲ್ಲ ನನ್ನ ಬೆನ್ನ ಮೇಲೆ ಇದ್ದದ್ದು ಅದೇ. ಅದಿತಿ ಹಾರಿ ಇಳಿದಳು, ನನ್ನ ಮಗಳ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಫೆನ್ನಾಳೂ ತನ್ನನ್ನು ಎತ್ತಿದವರ ಕೈ ಮುಟ್ಟಿ ಹಾಗೇ ಮಾಡಿದಳು. ಡಚ್ ಅಪ್ಪ ಅಮ್ಮಂದಿರು ಅದಕ್ಕೂ ಚಪ್ಪಾಳೆ ತಟ್ಟಿದರು.

ನನಗೆ ಹೊಟ್ಟೆ ಉರಿಯಿತು. ಚಳಿಗಾಲದಲ್ಲಿ ಉರಿದದ್ದಕ್ಕಿಂತ ಹೆಚ್ಚು. ಆಗ, ಅದಿತಿಯ ಜಾಗದಲ್ಲಿ ನನ್ನ ಮಗಳು ಇರಬೇಕಿತ್ತು ಎಂದು. ಈಗ, ಅದೇ ಜಾಗದಲ್ಲಿ, ಮಗಳ ಆ ಕೈಗಳ ಮೇಲೆ, ನಾನು ಇರಬೇಕಿತ್ತು ಎಂದು.

ಆಫೀಸುಗಳು ತೆರೆದ ಮೇಲೆ ನಿಧಾನವಾಗಿ ಕೆಲಸಕ್ಕೆ ಮರಳಿದೆ. ರುಚಿ ಮುಕ್ಕಾಲು ಪಾಲು ಬಂದಿದೆ, ಅದಿತಿಯ ಅಮ್ಮನ ಸಾರಿಗೆ ಹುಳಿ ಜಾಸ್ತಿ ಅಲ್ಲ ಎಂದು ಈಗ ಗೊತ್ತು, ಹೇಳಿಲ್ಲ. ಕೊಪ್ಪರಿಗೆ ಇಳಿಸಲು ಇನ್ನೊಬ್ಬನನ್ನು ಕರೆಯುತ್ತೇನೆ, ಎಣಿಸಿ ಒಟ್ಟಿಗೆ ಎತ್ತುತ್ತೇವೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಇದನ್ನು ಓದುವವರಲ್ಲಿ ಯಾರಾದರೂ ಹಾಸಿಗೆಯಲ್ಲಿ ಮಲಗಿ, ಬೇರೆಯವರ ಕೈಯಲ್ಲಿ ಏಳಬೇಕಾಗಿ ಬಂದು ನನ್ನ ಹಾಗೆ ಹಲ್ಲು ಕಚ್ಚುತ್ತಿದ್ದರೆ, ಆ ನಾಚಿಕೆ ನನಗೆ ಗೊತ್ತು. ಅದು ಪೂರ್ತಿ ಹೋಗುವುದಿಲ್ಲ. ಅದರ ಜೊತೆಗೇ ಎದ್ದು ನಿಲ್ಲಬಹುದು.

ವೈದ್ಯರ ಪ್ರಕಾರ ನನ್ನ ಕಾಲಿಗೆ ಈಗ ಏನೂ ತೊಂದರೆಯಿಲ್ಲ. ಆದರೂ ಮಗಳ ಜೊತೆ ನಾಲ್ಕನೇ ಮಹಡಿಗೆ ಹತ್ತುವಾಗ, ಕೊನೆಯ ತಿರುವಿನಲ್ಲಿ, ನಾನು ಬೇಕಂತಲೇ ಒಂದು ಕ್ಷಣ ನಿಧಾನ ಮಾಡುತ್ತೇನೆ. ಅವಳು ಫೋನಿನಲ್ಲಿ ಅದಿತಿಯ ಜೊತೆ ನಗುತ್ತಿರುತ್ತಾಳೆ. ನಗು ನಿಲ್ಲುತ್ತದೆ. ನಾನು ಹಿಂತಿರುಗಿ ನೋಡುವುದಿಲ್ಲ. ಬೆನ್ನ ಹಿಂದೆ ಎರಡು ಅಂಗೈಗಳು ತೆರೆದುಕೊಂಡದ್ದು ನೋಡದೆಯೂ ಗೊತ್ತಾಗುತ್ತದೆ.